ನಾನು ಕಟ್ಟಿದ ಹಸಿರು ಟ್ಯಾಗ್

ನನ್ನ ಸಹಿಯನ್ನು ನಂಬಿ ಒಬ್ಬ ಮನುಷ್ಯ ಆಪರೇಷನ್ ಬಿಟ್ಟ. ಅವನು ಈಗಿಲ್ಲ. ನಾನು ಓದಿದ್ದು ಎಸ್ಸೆಸ್ಸೆಲ್ಸಿವರೆಗೆ. ಅರ್ಜಿ ಬಿಟ್ಟರೆ ಬೇರೇನೂ ಬರೆದವನಲ್ಲ. ಆದರೂ ನಡೆದದ್ದನ್ನು ನಡೆದ ಹಾಗೆ ಬರೆದಿಡಬೇಕೆಂದು ಕುಳಿತಿದ್ದೇನೆ. ಯಾರ ಹೆಸರನ್ನೂ ಹಾಕುವುದಿಲ್ಲ. ನಾಲ್ಕು ಹೆಸರು ಬರೆದರೆ ತಪ್ಪನ್ನು ನಾಲ್ವರಿಗೆ ಹಂಚಿದ ಹಾಗಾಗುತ್ತದೆ.

ಭದ್ರಾವತಿಯ ಕಾರ್ಖಾನೆಯಲ್ಲಿ ನನ್ನದು ವೈಂಡಿಂಗ್ ಕೆಲಸ. ಸುಟ್ಟುಹೋದ ಮೋಟಾರುಗಳ ಹಳೆಯ ತಂತಿ ಕಿತ್ತು, ಹೊಸ ತಾಮ್ರದ ತಂತಿ ಸುತ್ತಿ, ವಾರ್ನಿಷ್ ಕುಡಿಸಿ, ಒಣಗಿಸಿ, ಪರೀಕ್ಷಿಸಿ ಕಳಿಸುವುದು. ನಮ್ಮ ಶಾಪಿನಲ್ಲಿ ಎರಡು ಬಣ್ಣದ ರಟ್ಟಿನ ಟ್ಯಾಗ್‌ಗಳಿದ್ದವು. ಯಂತ್ರ ಬಿಚ್ಚಿಟ್ಟಿರುವಾಗ ಅದಕ್ಕೆ ಕೆಂಪು. ಕೆಲಸ ಮುಗಿದು ಪರೀಕ್ಷೆಯೂ ಆದ ಮೇಲೆ ಹಸಿರು. ಎರಡರ ಮೇಲೂ ಕಟ್ಟಿದವನ ಸಹಿ ಇರಬೇಕು. ಕಟ್ಟಿದವನೇ ಬಿಚ್ಚಬೇಕು. ದೊಡ್ಡ ಸಾಹೇಬರು ಬಂದು ನಿಂತರೂ ಇನ್ನೊಬ್ಬನ ಟ್ಯಾಗಿಗೆ ಕೈ ಹಾಕುವಂತಿರಲಿಲ್ಲ. ಕಟ್ಟಿದವನು ಮನೆಗೆ ಹೋಗಿದ್ದರೆ ಮನೆಯಿಂದ ಕರೆಸುತ್ತಿದ್ದರು. ನನ್ನನ್ನು ಒಮ್ಮೆ ಮದುವೆಯ ಊಟದ ಎಲೆಯಿಂದ ಎಬ್ಬಿಸಿಕೊಂಡು ಹೋಗಿದ್ದಾರೆ.

ನನ್ನ ಗೆಳೆಯ ಕ್ರೇನ್ ಆಪರೇಟರ್. ಅವನ ಅಜ್ಜನ ಕಾಲದಲ್ಲೇ ತಮಿಳುನಾಡಿನಿಂದ ಬಂದು ಕಾರ್ಖಾನೆ ಸೇರಿದ ಮನೆತನ. ಮನೆಯಲ್ಲಿ ತಮಿಳು, ಹೊರಗೆ ನಮ್ಮ ಹಾಗೆಯೇ ಕನ್ನಡ. ಕರಗಿದ ಉಕ್ಕು ತುಂಬಿದ ತೊಟ್ಟಿಯನ್ನು ಕ್ರೇನಿನಿಂದ ಎತ್ತಿ, ಜನ ಓಡಾಡುವ ಶೆಡ್ಡಿನ ಉದ್ದಕ್ಕೂ ಸಾಗಿಸುವುದು ಅವನ ಕೆಲಸ. ಆ ಕ್ರೇನಿನ ಮೋಟಾರು ಸುತ್ತುತ್ತಿದ್ದವನು ನಾನು. ಮೋಟಾರು ಕೈಕೊಟ್ಟರೆ ತೊಟ್ಟಿ ಎಲ್ಲಿ ಬೀಳುತ್ತದೆ, ಯಾರ ಮೇಲೆ ಬೀಳುತ್ತದೆ ಎಂದು ಅವನಿಗೂ ಗೊತ್ತಿತ್ತು, ನನಗೂ ಗೊತ್ತಿತ್ತು. ಆದ್ದರಿಂದ ಹಸಿರು ಟ್ಯಾಗ್ ನೋಡಿದರಷ್ಟೇ ಅವನಿಗೆ ಸಾಲುತ್ತಿರಲಿಲ್ಲ. ಹತ್ತಿರ ಹೋಗಿ ಸಹಿ ನೋಡುತ್ತಿದ್ದ. ನನ್ನದಾಗಿದ್ದರಷ್ಟೇ ಕ್ರೇನ್ ಚಾಲೂ ಮಾಡುತ್ತಿದ್ದ.

ಒಂದು ಸಲ ಹೊಸದಾಗಿ ಬಂದ ಫೋರ್‌ಮನ್ ಅವಸರ ಮಾಡಿದರು. ಮೋಟಾರು ಕೂರಿಸಿ ಆಗಿತ್ತು, ಟ್ಯಾಗ್ ಕಟ್ಟಲು ನಾನಿನ್ನೂ ಬಂದಿರಲಿಲ್ಲ. ಗೆಳೆಯ ಕ್ರೇನಿನ ಗೂಡಿನಲ್ಲಿ ಕುಳಿತು ಬುತ್ತಿ ಬಿಚ್ಚಿ ಊಟಕ್ಕೆ ಶುರು ಮಾಡಿದನಂತೆ. ಫೋರ್‌ಮನ್ ಕೆಳಗಿನಿಂದ ಕೂಗಿದಾಗ, “ನನ್ನ ಹೆಂಡ್ತೀನ ಒಂದ್ಮಾತು ಕೇಳ್ಕೊಂಡು ಬನ್ನಿ ಸಾರ್. ಅವಳು ಆಗ್ಲಿ ಅಂದ್ರೆ ಎತ್ತುತೀನಿ,” ಎಂದನಂತೆ. ನಾನು ಬಂದು ಪರೀಕ್ಷಿಸಿ ಟ್ಯಾಗ್ ಕಟ್ಟಿದ ಮೇಲೆಯೇ ಅವನು ಕೈ ತೊಳೆದದ್ದು. ಆ ದಿನ ಶೆಡ್ಡಿನಲ್ಲಿ ಎಲ್ಲರೂ ನಕ್ಕರು. ನಾನು ಹೆಮ್ಮೆಪಟ್ಟೆ. ಆ ಹೆಮ್ಮೆ ಮುಂದೆ ಏನು ಮಾಡಿತು ಎಂಬುದೇ ಈ ಬರಹ.

ನಿವೃತ್ತಿಯಾದ ಮೇಲೆ ಓಲ್ಡ್ ಟೌನಿನ ನಮ್ಮ ಮನೆಯ ಮುಂದಿನ ಕೋಣೆಯಲ್ಲಿ ಮಿಕ್ಸಿ, ಫ್ಯಾನು, ಪಂಪಿನ ಮೋಟಾರು ರಿಪೇರಿ ಇಟ್ಟುಕೊಂಡೆ. ಒಂದು ದಿನ ಮಿಕ್ಸಿ ಒಯ್ಯಲು ಬಂದ ಒಬ್ಬರು, ಶಿವಮೊಗ್ಗದ ಕೋಟೆ ರಸ್ತೆಯಲ್ಲಿ ಒಬ್ಬ ಪಂಡಿತರಿದ್ದಾರೆ, ಅವರಿಗೆ ಕಾಯಿಲ್ ಸುತ್ತುವ ನುರಿತ ಕೈ ಬೇಕಂತೆ ಎಂದು ಹೇಳಿದರು. ಹೋಗಿ ನೋಡಿದೆ.

ಪಂಡಿತರು ಎಂದು ಜನ ಕರೆಯುತ್ತಿದ್ದರೇ ಹೊರತು ಅವರು ವೈದ್ಯರಾಗಿರಲಿಲ್ಲ. ಹೈಸ್ಕೂಲಿನಲ್ಲಿ ವಿಜ್ಞಾನ ಪಾಠ ಮಾಡಿ ನಿವೃತ್ತರಾದವರು. ಹಣೆಯ ಮೇಲೆ ವಿಭೂತಿ, ಇಸ್ತ್ರಿ ಮಾಡಿದ ಬಿಳಿ ಜುಬ್ಬ, ಮೆಲುಮಾತು. ಅವರ ಹೆಂಡತಿ ಕ್ಯಾನ್ಸರಿನಿಂದ ತೀರಿಕೊಂಡಿದ್ದರು. ಆಸ್ಪತ್ರೆಯಲ್ಲಿ ಎಲ್ಲವನ್ನೂ ಮಾಡಿಸಿದ ಮೇಲೆಯೇ ತೀರಿಕೊಂಡದ್ದು. ಅಂದಿನಿಂದ ಅವರು ಬೇರೆ ದಾರಿ ಹುಡುಕುತ್ತಿದ್ದರು. ಮೇಜಿನ ಮೇಲೆ ಒಂದು ದಪ್ಪ ಫೈಲು. ಅದರ ತುಂಬ ಎಲ್ಲೆಲ್ಲಿಂದಲೋ ತರಿಸಿದ ಜೆರಾಕ್ಸ್ ಹಾಳೆಗಳು. ಒಂದೊಂದನ್ನೇ ತೆಗೆದು ನನಗೆ ಕಥೆ ಹೇಳಿದರು. ವಿದೇಶದಲ್ಲಿ ಒಬ್ಬ ಗಾಜಿನ ಕೊಳವೆಯೊಳಗೆ ಬೆಳಕು ಹಚ್ಚಿ, ಅದರ ಕಂಪನದಿಂದಲೇ ರೋಗದ ಅಣುಗಳನ್ನು ಒಡೆಯುತ್ತಿದ್ದನಂತೆ. ಇನ್ನೊಬ್ಬ ಮರದ ಪೆಟ್ಟಿಗೆಗೆ ಒಳಗಿನಿಂದ ತಗಡು ಹೊಡೆದು, ರೋಗಿಗಳನ್ನು ಅದರಲ್ಲಿ ಕೂರಿಸಿ ಆಕಾಶದ ಶಕ್ತಿ ತುಂಬಿಸುತ್ತಿದ್ದನಂತೆ. ಮತ್ತೊಬ್ಬರು ದ್ರಾಕ್ಷಿಯೊಂದನ್ನೇ ತಿನ್ನಿಸಿ ಗುಣಪಡಿಸುತ್ತೇನೆ ಎಂದವರು. ಹಣ್ಣಿನ ಓಟೆಯೊಳಗಿನ ಕಹಿ ಬೀಜದಿಂದ ಔಷಧಿ ತೆಗೆದವರೂ ಇದ್ದರು. ಎಲ್ಲರ ಕಥೆಯ ಕೊನೆಯೂ ಒಂದೇ: ದೊಡ್ಡ ಡಾಕ್ಟರುಗಳಿಗೆ ಹೊಟ್ಟೆಕಿಚ್ಚು, ಕೋರ್ಟು, ಜಪ್ತಿ, ಬೆಂಕಿ.

ನಾನು ಬಾಯಿಬಿಟ್ಟುಕೊಂಡು ಕೇಳಿದೆ. ಆ ಕಥೆಗಳಲ್ಲಿ ಇಲ್ಲದ ಒಂದು ಸಂಗತಿ ನನಗೆ ಹೊಳೆದದ್ದು ಬಹಳ ತಡವಾಗಿ. ಪೆಟ್ಟಿಗೆ ಮಾಡಿದವರ ಗತಿ ಏನಾಯಿತು ಎಂದು ಪ್ರತಿಯೊಂದರಲ್ಲೂ ಇತ್ತು. ಪೆಟ್ಟಿಗೆಯಲ್ಲಿ ಕುಳಿತವರ ಗತಿ ಏನಾಯಿತು ಎಂದು ಯಾವುದರಲ್ಲೂ ಇರಲಿಲ್ಲ.

ಅವರ ಬಳಿ ಒಂದು ನಕ್ಷೆ ಇತ್ತು. ಅದನ್ನು ನೋಡಿ ಎರಡು ತಿಂಗಳಲ್ಲಿ ಯಂತ್ರ ಮಾಡಿಕೊಟ್ಟೆ. ತೇಗದ ಪೆಟ್ಟಿಗೆ, ಒಳಗೆ ಟ್ರಾನ್ಸ್‌ಫಾರ್ಮರ್, ನಾನೇ ಸುತ್ತಿದ ದೊಡ್ಡ ಕಾಯಿಲ್. ಹೊರಗೆ ಎರಡು ವಯರುಗಳ ತುದಿಯಲ್ಲಿ ಎರಡು ಹಿತ್ತಾಳೆ ಹಿಡಿಗಳು. ರೋಗಿ ಅವನ್ನು ಎರಡು ಕೈಯಲ್ಲಿ ಹಿಡಿದು ಕೂರಬೇಕು. ಕಾಯಿಲ್ ಸಣ್ಣಗೆ ಗುಂಯ್ ಎನ್ನುತ್ತಿತ್ತು. ಪೆಟ್ಟಿಗೆಯ ಮೇಲೆ ಹಳೆಯ ದೊಡ್ಡ ಮೀಟರು. ಅದಕ್ಕೆ ಪಂಡಿತರು ಕೆಂಪು, ಹಳದಿ, ಹಸಿರು ಬಣ್ಣ ಬಳಿಸಿದರು. ಮುಳ್ಳು ಕೆಂಪಿನಲ್ಲಿದ್ದರೆ ರೋಗ ಜೋರಾಗಿದೆ ಎಂದು; ಹಸಿರಿಗೆ ಇಳಿದರೆ ರೋಗ ಹೋಗಿದೆ ಎಂದು.

ಅವರು ಯಾರಿಂದಲೂ ಏನೂ ಕೇಳುತ್ತಿರಲಿಲ್ಲ. ನನಗೂ ಅಲ್ಲಿ ಸಿಕ್ಕಿದ್ದು ಒಂದೇ ಒಂದು. ಕಾರ್ಖಾನೆಯಲ್ಲಿ ಡಿಪ್ಲೊಮಾ ಮಾಡಿದ ಹುಡುಗರು ನಾನು ಸುತ್ತಿದ ಮೋಟಾರಿನ ಕಾಗದಕ್ಕೆ ತಮ್ಮ ಹೆಸರು ಹಾಕಿಕೊಳ್ಳುತ್ತಿದ್ದರು. ನನ್ನನ್ನು ‘ಏನಪ್ಪಾ’ ಎಂದೇ ಕರೆಯುತ್ತಿದ್ದರು. ಪಂಡಿತರು ಬಂದವರ ಮುಂದೆಲ್ಲ ಎದ್ದು ನಿಂತು ಕೈ ತೋರಿಸಿ, “ಇವರು ನಮ್ಮ ಇಂಜಿನಿಯರ್ ಸಾಹೇಬ್ರು,” ಎನ್ನುತ್ತಿದ್ದರು. ಆ ಮಾತು ಕೇಳಲೆಂದೇ ವಾರಕ್ಕೆರಡು ಸಲ ಬಸ್ಸು ಹತ್ತುತ್ತಿದ್ದೆ.

ಯಂತ್ರ ಮುಗಿದ ದಿನ, ಹಳೆಯ ಕೈ ಅಭ್ಯಾಸ, ಚೀಲದಲ್ಲಿ ಉಳಿದಿದ್ದ ಒಂದು ಹಸಿರು ಟ್ಯಾಗ್ ತೆಗೆದು ಸಹಿ ಹಾಕಿ ಪೆಟ್ಟಿಗೆ ಎತ್ತುವ ಹಿಡಿಕೆಗೆ ಕಟ್ಟಿದೆ. ಏನಿದು ಎಂದು ಪಂಡಿತರು ಕೇಳಿದರು. ಹೇಳಿದೆ. ಅವರಿಗೆ ಬಹಳ ಹಿಡಿಸಿತು. ಹಾಗೇ ಇರಲಿ, ಕಾಣುವ ಹಾಗೆ ಮುಂದಕ್ಕೆ ಕಟ್ಟಿ ಎಂದರು.

ಅದನ್ನು ಕಟ್ಟಿದ ಹದಿನೈದು ದಿನದೊಳಗೆ ನನಗೆ ಗೊತ್ತಾಯಿತು. ಇದನ್ನು ಮುಚ್ಚಿಡುವುದಿಲ್ಲ. ಹದಿನೈದೇ ದಿನ.

ಪಂಡಿತರು ಸ್ನಾನಕ್ಕೆ ಹೋಗಿದ್ದರು. ನಾನು ಹಿಡಿಗಳನ್ನು ಹಿಡಿದು ಸುಮ್ಮನೆ ಕುಳಿತೆ. ಬಸ್ ಸ್ಟ್ಯಾಂಡಿನಿಂದ ಬಿಸಿಲಿನಲ್ಲಿ ನಡೆದು ಬಂದಿದ್ದೆ, ಅಂಗೈ ಬೆವೆತಿತ್ತು. ಮುಳ್ಳು ಕೆಂಪಿಗೆ ಹೋಯಿತು. ನನ್ನ ಎದೆ ಧಸಕ್ಕೆಂದಿತು. ಎದೆ ಹೊಡೆದುಕೊಂಡಷ್ಟೂ ಕೈ ಬೆವರಿತು, ಮುಳ್ಳು ಇನ್ನೂ ಮೇಲೆ ಹೋಯಿತು. ಮೂವತ್ತು ವರ್ಷ ವಿದ್ಯುತ್ತಿನ ಕೆಲಸ ಮಾಡಿದವನು ನಾನು. ಹಿಡಿ ಕೆಳಗಿಟ್ಟು, ಪಂಚೆಗೆ ಕೈ ಒರೆಸಿ, ಫ್ಯಾನಿನ ಕೆಳಗೆ ಆರಿಸಿಕೊಂಡು ಮತ್ತೆ ಹಿಡಿದೆ. ಮುಳ್ಳು ಹಳದಿಗೆ ಬಂತು. ದೇವರ ಮುಂದಿನ ತಟ್ಟೆಯಿಂದ ಒಂದು ಚಿಟಿಕೆ ವಿಭೂತಿ ತೆಗೆದು ಅಂಗೈಗೆ ತಿಕ್ಕಿಕೊಂಡು ಹಿಡಿದೆ. ಹಸಿರು.

ಒದ್ದೆ ಕೈಯಲ್ಲಿ ಕರೆಂಟು ಹೆಚ್ಚು ಹರಿಯುತ್ತದೆ, ಒಣಗಿದ ಕೈಯಲ್ಲಿ ಕಡಿಮೆ. ಆ ಮುಳ್ಳು ತೋರಿಸುತ್ತಿದ್ದುದು ಇಷ್ಟನ್ನೇ. ಮೊದಲ ದಿನ ಬಂದವರಿಗೆ ಭಯ, ಭಯಕ್ಕೆ ಬೆವರು, ಬೆವರಿಗೆ ಕೆಂಪು. ದಿನ ಕಳೆದ ಹಾಗೆ ಜಾಗ ಅಭ್ಯಾಸವಾಗುತ್ತಿತ್ತು, ಭಯ ಕಡಿಮೆಯಾಗುತ್ತಿತ್ತು. ಐದನೆಯ ಸಲದಿಂದ ಪಂಡಿತರು ಪ್ರಸಾದವೆಂದು ಅಂಗೈಗೆ ವಿಭೂತಿ ಕೊಡುತ್ತಿದ್ದರು. ಜನ ಭಕ್ತಿಯಿಂದ ಹಣೆಗೆ ಹಚ್ಚಿ, ಉಳಿದದ್ದನ್ನು ಕೈಗೆ ಒರೆಸಿಕೊಂಡು ಹಿಡಿ ಹಿಡಿಯುತ್ತಿದ್ದರು. ಮುಳ್ಳು ಇಳಿಯುತ್ತಿತ್ತು.

ಅವರು ಸ್ನಾನ ಮುಗಿಸಿ ಬಂದಾಗ ಹೇಳಿದೆ. ಅವರು ಸಿಟ್ಟಾಗಲಿಲ್ಲ. ಬೆವರು ಸುಮ್ಮನೆ ಬರುತ್ತದೆಯೇ, ದೇಹದೊಳಗಿನ ವಿಷವೇ ಬೆವರಾಗಿ ಬರುವುದು, ಅದನ್ನೇ ಯಂತ್ರ ಹಿಡಿಯುತ್ತದೆ ಎಂದರು. ಇಂಜಿನಿಯರ್ ಸಾಹೇಬರು ದೊಡ್ಡ ಸಂಶೋಧನೆ ಮಾಡಿದಿರಿ ಎಂದು ಬೆನ್ನು ತಟ್ಟಿದರು. ಅವರು ಮೋಸ ಮಾಡುತ್ತಿದ್ದರೆಂದು ಇವತ್ತಿಗೂ ನನಗೆ ಅನ್ನಿಸುವುದಿಲ್ಲ. ಅವರು ನಂಬಿದ್ದರು. ನಂಬದೆ ಇದ್ದವನು ನಾನೊಬ್ಬ. ಆದರೂ ಟ್ಯಾಗ್ ಬಿಚ್ಚಲಿಲ್ಲ.

ಅದೇ ವರ್ಷ ಮಳೆ ನಿಂತ ಮೇಲೆ ಗೆಳೆಯನ ಬಾಯಲ್ಲಿ ಹುಣ್ಣು ಕಾಣಿಸಿಕೊಂಡಿತು. ಎಲೆ, ಅಡಿಕೆ, ಹೊಗೆಸೊಪ್ಪು ಅವನಿಗೆ ಕ್ರೇನಿನ ಕಾಲದಿಂದಲೂ ಇತ್ತು. ಬಲಗೆನ್ನೆಯ ಒಳಗಿನ ಹುಣ್ಣು ಎರಡು ತಿಂಗಳಾದರೂ ಮಾಯಲಿಲ್ಲ. ಶಿವಮೊಗ್ಗದ ಆಸ್ಪತ್ರೆಯಲ್ಲಿ ಚೂರು ತೆಗೆದು ಪರೀಕ್ಷೆಗೆ ಕಳಿಸಿದರು. ಕ್ಯಾನ್ಸರ್ ಎಂದು ಬಂತು. ಇನ್ನೂ ಹೊತ್ತು ಮೀರಿಲ್ಲ, ಆಪರೇಷನ್ ಮಾಡಿದರೆ ಉಳಿಯುತ್ತೀರಿ ಎಂದು ಡಾಕ್ಟರಮ್ಮ ಸ್ಪಷ್ಟವಾಗಿ ಹೇಳಿದ್ದರಂತೆ. ಬಲಗಡೆಯ ದವಡೆಯ ಒಂದು ಭಾಗ ತೆಗೆಯಬೇಕಾಗುತ್ತದೆ, ಮೂರು ವಾರ ಬಿಟ್ಟು ಬನ್ನಿ ಎಂದು ದಿನ ಕೊಟ್ಟರು. ಬಾಯಿ ಎಷ್ಟು ತೆರೆಯುತ್ತದೆ ಎಂದು ನೋಡಲು ಮೂರು ಬೆರಳನ್ನು ಒಂದರ ಮೇಲೊಂದು ನಿಲ್ಲಿಸಿ ಹಲ್ಲುಗಳ ನಡುವೆ ಇಡಿಸಿದ್ದರು. ಆಗ ಮೂರೂ ಹಿಡಿಸಿದ್ದವು. ದಿನವೂ ಹೀಗೆ ನೋಡಿಕೊಳ್ಳಿ, ಕಡಿಮೆಯಾದರೆ ತಕ್ಷಣ ಬನ್ನಿ ಎಂದು ಅವನ ಹೆಂಡತಿಗೆ ಹೇಳಿ ಕಳಿಸಿದ್ದರು.

ಅದಾದ ನಾಲ್ಕನೆಯ ದಿನ ಗಂಡಹೆಂಡತಿ ಇಬ್ಬರೂ ನಮ್ಮ ಮನೆಗೆ ಬಂದರು. ನಾನು ಒಂದು ಪಂಪಿನ ಮೋಟಾರು ಬಿಚ್ಚಿಕೊಂಡು ಕುಳಿತಿದ್ದೆ. ಅವನು ಸ್ಟೂಲಿನ ಮೇಲೆ ಕುಳಿತ. ಆಕೆ ಬಾಗಿಲಲ್ಲೇ ನಿಂತರು, ಕೈಯಲ್ಲಿ ಆಸ್ಪತ್ರೆಯ ಫೈಲು.

“ಕೋಟೇಲಿರೋ ಆ ಪೆಟ್ಟಿಗೆ ನೀನು ಮಾಡಿದ್ದಂತೆ, ಹೌದೇನೋ ಮಾರಾಯ?” ಎಂದ.

ಹೌದು ಎಂದೆ.

“ಹಸಿರು ಕಟ್ಟಿದೀಯಾ?”

“ಕಟ್ಟಿದೀನಿ.”

“ಸಹಿ?”

“ನಂದೇ.”

“ಹಂಗಾದ್ರೆ ಮುಗೀತು,” ಎಂದು ಹೆಂಡತಿಯ ಕಡೆ ತಿರುಗಿದ. “ಕೇಳಿದ್ಯಾ? ಇವನ ಟ್ಯಾಗ್ ನೋಡ್ಕೊಂಡು ಬೆಂಕಿ ಹೊತ್ಕೊಂಡು ಓಡಾಡಿದೀನಿ ನಾನು. ಒಂದ್ಸಲ ಸುಳ್ಳಾಗಿಲ್ಲ. ಅರ್ಧ ಮುಖ ಕೊಯ್ಸಿಕೊಂಡು ಮೊಮ್ಮಕ್ಕಳನ್ನ ಹೆದರಿಸ್ತಾ ಕೂರೋಕೆ ನನಗೇನು ಹುಚ್ಚಾ?”

ಆಕೆ ನನ್ನನ್ನೇ ನೋಡಿದರು. “ಅಣ್ಣಾ, ಇವರು ನನ್ನ ಮಾತು ಕೇಳಲ್ಲ, ಡಾಕ್ಟರ್ ಮಾತೂ ಕೇಳಲ್ಲ. ನೀವು ಹೇಳಿದ್ರೆ ಕೇಳ್ತಾರೆ. ಆಪರೇಷನ್ ಮಾಡಿಸ್ಕೊಳ್ಳಿ ಅಂತ ಒಂದ್ಮಾತು ಹೇಳಿ.”

ಆ ಮಾತು ನನ್ನ ಬಾಯಲ್ಲೇ ಇತ್ತು. ಆದರೆ ಅದನ್ನು ಹೇಳಿದ್ದರೆ ಮುಂದಿನ ಪ್ರಶ್ನೆ ಬರುತ್ತಿತ್ತು: ಹಾಗಾದರೆ ಪೆಟ್ಟಿಗೆ ಏತಕ್ಕೆ ಮಾಡಿದೆ, ಹಸಿರು ಏಕೆ ಕಟ್ಟಿದೆ. ಇಡೀ ಕಾರ್ಖಾನೆಯಲ್ಲಿ ನನ್ನ ಸಹಿ ಹುಡುಕಿ ನೋಡುತ್ತಿದ್ದವನು ಇವನೊಬ್ಬ. ಆ ಸಹಿ ಸುಳ್ಳೆಂದು ಇವನೆದುರೇ ಹೇಳಬೇಕಿತ್ತು. ಕೈಯಲ್ಲಿದ್ದ ಸ್ಕ್ರೂಡ್ರೈವರನ್ನು ತಿರುಗಿಸುತ್ತ, “ಪೆಟ್ಟಿಗೇಲಿ ತಪ್ಪಿಲ್ಲಮ್ಮ,” ಎಂದೆ.

ಅದು ಸುಳ್ಳಲ್ಲ. ವೈಂಡಿಂಗ್ ಸರಿಯಾಗಿತ್ತು, ಶಾಕ್ ಹೊಡೆಯುತ್ತಿರಲಿಲ್ಲ, ಕಾಯಿಲ್ ಕಾಯುತ್ತಿರಲಿಲ್ಲ. ಅಷ್ಟು ನಿಜವನ್ನು ಮಾತ್ರ ಹೇಳಿ ಉಳಿದದ್ದನ್ನು ನುಂಗಿದೆ. ಆಕೆ ಫೈಲನ್ನು ಸೆರಗಿನೊಳಗೆ ಇಟ್ಟುಕೊಂಡು ಮೆಟ್ಟಿಲು ಇಳಿದರು.

ವಾರಕ್ಕೆ ಮೂರು ದಿನ ನಾನೂ ಅವನೂ ಬೆಳಗಿನ ಬಸ್ಸು ಹತ್ತುತ್ತಿದ್ದೆವು. ಬಸ್ಸು ಭದ್ರೆಯ ಸೇತುವೆ ದಾಟುವಾಗ ಅವನು ಕಾರ್ಖಾನೆಯ ಚಿಮಣಿಗಳ ಕಡೆ ನೋಡುತ್ತಿದ್ದ. ಹೊಗೆ ಇರುತ್ತಿರಲಿಲ್ಲ. ಶಿವಮೊಗ್ಗದಲ್ಲಿ ಇಳಿದು ಆಟೋ ಹಿಡಿದು ಕೋಟೆಗೆ. ಮೊದಲ ದಿನ ಅವನು ಪೆಟ್ಟಿಗೆಯ ಹತ್ತಿರ ಹೋಗಿ, ಕನ್ನಡಕ ಏರಿಸಿ, ಟ್ಯಾಗಿನ ಸಹಿ ನೋಡಿದ. ಆಮೇಲೆ ಕುಳಿತ. ಮುಳ್ಳು ಕೆಂಪಿನ ಕೊನೆಗೆ ಹೋಗಿ ನಡುಗುತ್ತ ನಿಂತಿತು. ಅವನ ಅಂಗೈಯಿಂದ ಬೆವರು ಇಳಿದು ಮೊಣಕೈಗೆ ಬಂದದ್ದನ್ನು ನಾನು ನೋಡಿದೆ. ಎಂಥ ಧೈರ್ಯವಂತ ಎಂದು ನಾವೆಲ್ಲ ತಿಳಿದಿದ್ದ ಮನುಷ್ಯ.

ಐದನೆಯ ಸಲ ವಿಭೂತಿ ಸಿಕ್ಕಿತು. ಮುಳ್ಳು ಹಳದಿಗೆ ಬಂತು. ಅವತ್ತು ಬಸ್ಸಿನಲ್ಲಿ ಅವನು ಬಹಳ ಮಾತಾಡಿದ. ಹುಣ್ಣು ಉರಿಯುವುದು ಹೆಚ್ಚಾಗಿದೆ, ಅದು ರೋಗ ಒಳಗೇ ಸಾಯುತ್ತಿರುವ ಲಕ್ಷಣ ಎಂದು ಪಂಡಿತರು ಹೇಳಿದರಂತೆ. ನಾನು ಕಿಟಕಿಯ ಹೊರಗೆ ನೋಡಿದೆ. ಅವನ ಉಸಿರಿಗೆ ಆಗಲೇ ವಾಸನೆ ಇತ್ತು. ಮುಂದಿನ ಸೀಟಿನ ಹೆಂಗಸು ಸೆರಗನ್ನು ಮೂಗಿಗೆ ಹಿಡಿದದ್ದನ್ನು ಅವನು ನೋಡಲಿಲ್ಲ ಎಂದುಕೊಂಡೆ. ಮುಂದಿನ ಸಲದಿಂದ ಅವನೇ ಕೊನೆಯ ಸೀಟಿಗೆ ಹೋಗಿ ಕೂರತೊಡಗಿದ.

ಆಪರೇಷನ್ನಿಗೆ ಕೊಟ್ಟ ದಿನ ಒಂದು ಸೋಮವಾರ. ಆ ಸೋಮವಾರ ಬೆಳಿಗ್ಗೆ ನಾವು ಕೋಟೆಯಲ್ಲಿದ್ದೆವು. ಗೋಡೆಯ ಗಡಿಯಾರದಲ್ಲಿ ಹತ್ತಾಯಿತು, ಹನ್ನೊಂದಾಯಿತು. ಆಸ್ಪತ್ರೆ ಅಲ್ಲಿಂದ ಆಟೋದಲ್ಲಿ ಹತ್ತು ನಿಮಿಷದ ದಾರಿ. ಈಗ ಎದ್ದು ಹೊರಟರೂ ಆದೀತು ಎಂದು ನಾನು ಲೆಕ್ಕ ಹಾಕುತ್ತಿದ್ದೆ. ಏಳಲಿಲ್ಲ. ಮುಳ್ಳು ಹಸಿರಿನ ಅಂಚಿಗೆ ಬಂದಿತ್ತು. ಅವನು ನನ್ನ ಕಡೆ ನೋಡಿ ಕಣ್ಣು ಮಿಟುಕಿಸಿದ.

ಅವನ ಹೆಂಡತಿ ಒಂದು ಸಂಜೆ ಒಬ್ಬರೇ ನಮ್ಮ ಮನೆಗೆ ಬಂದರು. ದಿನವೂ ಬೆಳಿಗ್ಗೆ ಬಾಯಿ ತೊಳೆದಾದ ಮೇಲೆ ಬೆರಳಿಟ್ಟು ನೋಡುವುದನ್ನು ಅವರು ಬಿಟ್ಟಿರಲಿಲ್ಲ. ನನ್ನ ಮುಂದೆ ಕೈ ಚಾಚಿ ಎರಡು ಬೆರಳು ತೋರಿಸಿದರು. ಆಮೇಲೆ ಅದರಲ್ಲಿ ಒಂದನ್ನು ಅರ್ಧಕ್ಕೆ ಮಡಚಿದರು.

“ಇಷ್ಟೇ ಹಿಡಿಸ್ತಿರೋದು. ಮುದ್ದೆ ತಿನ್ನೋಕಾಗಲ್ಲ, ಗಂಜಿ ಬಸಿದು ಕೊಡ್ತಿದೀನಿ. ಮುಳ್ಳು ಇಳೀತಿದೆ ಅಂತ ಬಂದು ಹೇಳ್ತಾರೆ. ಇದೂ ಇಳೀತಿದೆಯಲ್ಲ ಅಣ್ಣಾ, ಇದಕ್ಕೇನಂತೀರಿ?”

ಪಂಡಿತರನ್ನು ಕೇಳಿ ಹೇಳುತ್ತೇನೆ ಎಂದೆ. ಆಕೆ ನನ್ನನ್ನು ನೋಡಿದ ನೋಟದಲ್ಲಿ, ನನಗೆ ಗೊತ್ತಿರುವುದು ಆಕೆಗೂ ಗೊತ್ತಾಗಿದೆ ಎಂದು ಅನಿಸಿತು.

ಮುಳ್ಳು ಪೂರ್ತಿ ಹಸಿರಿಗೆ ಬಂದ ವಾರವೇ ಅವನ ಬಾಯಿಗೆ ಒಂದು ಬೆರಳೂ ಹೋಗದಂತಾಯಿತು. ಕುತ್ತಿಗೆಯಲ್ಲಿ ಗಂಟು ಎದ್ದಿತು. ಆಕೆ ಆಟೋ ಕರೆಸಿ, ಅವನ ಕೈ ಹಿಡಿದು ಎಳೆದುಕೊಂಡೇ ಆಸ್ಪತ್ರೆಗೆ ಹೋದರು. ನಾನೂ ಹಿಂದೆ ಹೋದೆ. ಡಾಕ್ಟರಮ್ಮ ಹಳೆಯ ಚೀಟಿ ನೋಡಿ, ಆಪರೇಷನ್ ದಿನ ಯಾಕೆ ಬರಲಿಲ್ಲ ಎಂದರು. ಬಾಯಿ, ಕುತ್ತಿಗೆ ಪರೀಕ್ಷಿಸಿ, ಈಗ ಕೊಯ್ಯುವ ಹಂತ ದಾಟಿದೆ, ನೋವು ಕಡಿಮೆ ಮಾಡಲು ಮಾತ್ರ ಸಾಧ್ಯ ಎಂದರು. ಯಾರು ನಿಮಗೆ ಬೇಡ ಅಂದದ್ದು ಎಂದು ಅವನನ್ನು ನೇರವಾಗಿ ಕೇಳಿದರು. ನಾನು ಅವನ ಪಕ್ಕದಲ್ಲೇ ನಿಂತಿದ್ದೆ. ಅವನು ತನ್ನ ಎದೆಯ ಮೇಲೆ ಬೆರಳಿಟ್ಟುಕೊಂಡ. ನಾನೇ, ಎಂಬಂತೆ.

ಆ ಬೆರಳು ನನ್ನ ಕಡೆ ತಿರುಗಿದ್ದರೆ ನಾನು ಅವತ್ತು ಹೇಳುತ್ತಿರಲಿಲ್ಲವೇನೋ. ತಿರುಗದೆ ಇದ್ದದ್ದಕ್ಕೆ ತಡೆಯಲಾಗಲಿಲ್ಲ. ಮರುದಿನ ಮಧ್ಯಾಹ್ನ ಅವನ ಮನೆಗೆ ಹೋದೆ. ಅವನು ಮಂಚದ ಮೇಲೆ ಗೋಡೆಗೆ ಒರಗಿದ್ದ. ಆಕೆ ಅಡುಗೆಮನೆಯ ಹೊಸ್ತಿಲಲ್ಲಿ ಕುಳಿತು ಮಾತ್ರೆ ಪುಡಿ ಮಾಡುತ್ತಿದ್ದರು. ಬೆವರು, ವಿಭೂತಿ, ಹದಿನೈದು ದಿನ, ಎಲ್ಲವನ್ನೂ ಹೇಳಿದೆ. ಆಕೆಯ ಕೈಯ ಕುಟ್ಟಾಣಿ ನಿಂತಿತು.

ಅವನು ಗೋಡೆಯಿಂದ ಬೆನ್ನೆತ್ತಿ ಕುಳಿತ. ಹಲ್ಲು ಬಿಡಿಸಲಾಗದೆ, ಹಲ್ಲಿನ ಸಂದಿಯಿಂದಲೇ ಮಾತು ಹೊರಬರುತ್ತಿತ್ತು.

“ನಾನು ಬಂದು ಕೇಳಿದಾಗ ಗೊತ್ತಿತ್ತಾ?”

“ಗೊತ್ತಿತ್ತು.”

ಬೈಯುತ್ತಾನೆ ಎಂದು ಕಾದೆ. ಬೈದಿದ್ದರೆ ಚೆನ್ನಾಗಿತ್ತು. ಅವನು ಕಣ್ಣು ಮುಚ್ಚಿದ. ಮತ್ತೆ ತೆರೆದಾಗ ಕ್ರೇನಿನ ಮೇಲಿನಿಂದ ಮಾತಾಡುತ್ತಿದ್ದ ದನಿಯಲ್ಲೇ, ಶೆಡ್ಡಿನ ಕೆಲಸದ ಮಾತು ಹೇಳುವವನ ಹಾಗೆ ಹೇಳಿದ.

“ಹಂಗಾದ್ರೆ ಟ್ಯಾಗ್ ಬಿಚ್ಚು. ನೀನು ಕಟ್ಟಿದ್ದು. ನೀನೇ ಬಿಚ್ಚಬೇಕು.”

ಆಯಿತು ಎಂದೆ.

ಇಲ್ಲಿ ನನ್ನ ಎರಡನೆಯ ತಪ್ಪನ್ನು ಬರೆಯಬೇಕು. ನಾನು ಹೋಗಲಿಲ್ಲ. ನಾಳೆ ಎಂದುಕೊಂಡೆ. ಅವನ ಜೊತೆ ಇರಬೇಕು ಎಂದು ನೆಪ ಹೇಳಿಕೊಂಡೆ. ನಿಜವೆಂದರೆ ಆ ಕೋಣೆಯಲ್ಲಿ ಕುಳಿತಿರುವವರ ಮುಂದೆ ನಿಂತು, ನಾನು ಇಂಜಿನಿಯರಲ್ಲ ಎಂದು ಹೇಳಲು ನನಗೆ ಹೆದರಿಕೆ. ಒಂದೂವರೆ ತಿಂಗಳಿಗೆ ಅವನು ತೀರಿಕೊಂಡ. ಕಾರ್ಯಗಳೆಲ್ಲ ಮುಗಿದ ದಿನ ಊಟಕ್ಕೆ ಕುಳಿತಿದ್ದಾಗ ಆಕೆ ಬಡಿಸುತ್ತ ನನ್ನ ಎಲೆಯ ಮುಂದೆ ಬಂದರು. ಅನ್ನ ಹಾಕಿದರು. ತಲೆ ಬಗ್ಗಿಸಿಕೊಂಡೇ ಕೇಳಿದರು.

“ಬಿಚ್ಚಿದ್ರಾ ಅಣ್ಣಾ?”

ಮರುದಿನವೇ ಹೋದೆ. ಜೇಬಿನಲ್ಲಿ ಒಂದು ಕೆಂಪು ಟ್ಯಾಗ್ ಇತ್ತು, ನನ್ನ ಸಹಿ ಹಾಕಿದ್ದು.

ಕೋಟೆಯ ಆ ಕೋಣೆಯ ಹೊರಗೆ ಬೆಂಚು ಹಾಕಿದ್ದರು. ಏಳೆಂಟು ಜನ. ತಲೆಗೆ ಬಟ್ಟೆ ಸುತ್ತಿಕೊಂಡ ಒಬ್ಬ ಹೆಂಗಸು, ಆಕೆಯ ಪಕ್ಕ ಆಸ್ಪತ್ರೆಯ ಫೈಲು ಹಿಡಿದ ಮಗಳು. ಒಳಗೆ ಹೋದೆ. ಪೆಟ್ಟಿಗೆಗಳು ಎರಡಿದ್ದವು. ಎರಡನೆಯದು ನಾನು ಮಾಡಿದ್ದಲ್ಲ. ನನ್ನದನ್ನು ನೋಡಿ ಯಾರೋ ಮಾಡಿದ್ದು. ಅದರ ಹಿಡಿಕೆಗೂ ಒಂದು ಹಸಿರು ಟ್ಯಾಗ್. ನನ್ನ ಟ್ಯಾಗನ್ನೇ ಕಲರ್ ಜೆರಾಕ್ಸ್ ಮಾಡಿ, ಪ್ಲಾಸ್ಟಿಕ್ ಹೊದಿಸಿ ಕಟ್ಟಿದ್ದರು. ಅದರ ಮೇಲೆ ನನ್ನದೇ ಸಹಿ.

ಪಂಡಿತರು ಎದ್ದು ನಿಂತು ನಮಸ್ಕಾರ ಮಾಡಿದರು. ಜುಬ್ಬ ಹೆಗಲಿನಿಂದ ಜೋತಾಡುತ್ತಿತ್ತು. ಕಣ್ಣಿನ ಬಿಳಿ ಹಳದಿಗೆ ತಿರುಗಿತ್ತು. ಕೆಲವು ತಿಂಗಳಿಂದ ಹೊಟ್ಟೆಯಲ್ಲಿ ನೋವಂತೆ, ಊಟ ಸೇರುತ್ತಿಲ್ಲವಂತೆ. ಆಸ್ಪತ್ರೆಗೆ ತೋರಿಸಿದಿರಾ ಎಂದೆ.

“ಯಾಕೆ ಇಂಜಿನಿಯರ್ ಸಾಹೇಬ್ರೆ? ದಿನಾ ಬೆಳಿಗ್ಗೆ ಪೂಜೆ ಮುಗಿಸಿ ಅರ್ಧ ಗಂಟೆ ನಾನೇ ಕೂರ್ತೀನಲ್ಲ,” ಎಂದು ನಕ್ಕರು. “ಹಸಿರಲ್ಲೇ ಇದೆ.”

ಅವರ ಅಂಗೈ ವಿಭೂತಿಯಿಂದ ಬೆಳ್ಳಗಿತ್ತು.

ನನ್ನ ಪೆಟ್ಟಿಗೆಯ ಟ್ಯಾಗಿನ ದಾರವನ್ನು ಕತ್ತರಿಸಿ ತೆಗೆದೆ. ಕೆಂಪು ಕಟ್ಟಿದೆ. ಅವರು ತಡೆಯಲಿಲ್ಲ, ಏನೋ ರಿಪೇರಿ ಇರಬೇಕು ಎಂದುಕೊಂಡರು. ಬಾಗಿಲಿನಿಂದ ನೋಡುತ್ತಿದ್ದ ಒಬ್ಬರು, ಆ ಯಂತ್ರ ಕೆಟ್ಟಿದ್ದರೆ ಈ ಕಡೆಯದರಲ್ಲಿ ಕೂರಿಸಿ, ಇದಕ್ಕೆ ಹಸಿರೇ ಇದೆಯಲ್ಲ ಎಂದರು. ಜನ ಆ ಕಡೆಗೆ ಸರಿದರು. ಆಗ ನಾನು ಆ ಎರಡನೆಯ ಪೆಟ್ಟಿಗೆಯ ಮುಂದೆ ನಿಂತು ನೀರಿನ ಲೋಟದಲ್ಲಿ ಕೈ ಅದ್ದಿ ಹಿಡಿಗಳನ್ನು ಹಿಡಿದೆ. ಕೆಂಪು. ಕೈ ಒರೆಸಿ ವಿಭೂತಿ ಹಚ್ಚಿ ಹಿಡಿದೆ. ಹಸಿರು. ಮತ್ತೆ ನೀರು, ಮತ್ತೆ ಕೆಂಪು. ಈ ಮುಳ್ಳು ನೋಡುವುದು ಕೈಯ ತೇವವನ್ನು, ರೋಗವನ್ನಲ್ಲ ಎಂದೆ. ಇದನ್ನು ನಂಬಿ ನನ್ನ ಗೆಳೆಯ ಸತ್ತ ಎಂದೆ. ನಾನು ಇಂಜಿನಿಯರಲ್ಲ, ಎಸ್ಸೆಸ್ಸೆಲ್ಸಿ ಎಂದೆ. ಒಬ್ಬರು, ಪಾಪ ವಯಸ್ಸಾಗಿದೆ, ಕೂರಿಸಿ ನೀರು ಕೊಡಿ ಎಂದರು. ಇಬ್ಬರು ಎದ್ದು ಹೋದರು. ಉಳಿದವರು ಕುಳಿತೇ ಇದ್ದರು. ಫೈಲು ಹಿಡಿದ ಆ ಹುಡುಗಿ ಮಾತ್ರ ಲೋಟಕ್ಕೆ ತಾನೇ ಕೈ ಅದ್ದಿ, ಹಿಡಿಗಳನ್ನು ಹಿಡಿದು, ಮುಳ್ಳನ್ನು ನೋಡಿದಳು. ಆಮೇಲೆ ತಾಯಿಯ ಕೈ ಹಿಡಿದು ಎಬ್ಬಿಸಿದಳು. ಅವರು ಎಲ್ಲಿಗೆ ಹೋದರೋ ನನಗೆ ಗೊತ್ತಿಲ್ಲ.

ಆ ಜೆರಾಕ್ಸ್ ಟ್ಯಾಗನ್ನು ನಾನು ಕಟ್ಟಿರಲಿಲ್ಲ. ಸಹಿ ಮಾತ್ರ ನನ್ನದು. ಹೀಗಾದರೆ ಬಿಚ್ಚಬೇಕಾದವನು ಯಾರು ಎಂದು ನಮ್ಮ ಶಾಪಿನ ನಿಯಮದಲ್ಲಿ ಇರಲಿಲ್ಲ. ಬಿಚ್ಚಿದೆ. ಪಂಡಿತರು ನೋವಿನ ಹೊಟ್ಟೆಯನ್ನು ಕೈಯಿಂದ ಒತ್ತಿಕೊಂಡು ಕುರ್ಚಿಯಲ್ಲಿ ಕುಳಿತಿದ್ದರು. ಸಿಟ್ಟಿಲ್ಲದೆ ಹೇಳಿದರು: ಬಿಚ್ಚಿ ಏನು ಮಾಡುತ್ತೀರಿ, ಇನ್ನೂ ಮೂರು ಪೆಟ್ಟಿಗೆ ಹೋಗಿವೆಯಲ್ಲ, ಒಂದು ತರೀಕೆರೆಗೆ, ಒಂದು ಸಾಗರಕ್ಕೆ, ಇನ್ನೊಂದನ್ನು ದಾವಣಗೆರೆಯ ಕಡೆಯವರು ಒಯ್ದರು, ಅವರು ಮತ್ತೆ ಎಷ್ಟು ಮಾಡಿಸಿದರೋ. ಎಲ್ಲಕ್ಕೂ ಟ್ಯಾಗ್ ಕಟ್ಟಿಯೇ ಕಳಿಸಿದ್ದೇನೆ, ಜನಕ್ಕೆ ಅದನ್ನು ನೋಡಿದರೆ ಧೈರ್ಯ.

ಅವರನ್ನು ಆಸ್ಪತ್ರೆಗೆ ಕರೆದೆ. ಕೈಮುಗಿದು ಕರೆದೆ. ಬರಲಿಲ್ಲ.

ಈಗ ಯಾರ ಯಾರದೋ ಫೋನಿನಲ್ಲಿ ಆ ಪೆಟ್ಟಿಗೆಯ ವಿಡಿಯೊ ಬರುತ್ತದೆ. ಗುಂಯ್ ಎನ್ನುವ ಸದ್ದು, ಮುಳ್ಳು ಇಳಿಯುವುದು, ಮೂಲೆಯಲ್ಲಿ ತೂಗಾಡುವ ಹಸಿರು. ತರೀಕೆರೆಗೆ ಹೋಗಿ ಬಂದೆ, ಸಾಗರಕ್ಕೂ ಹೋಗಿ ಬಂದೆ. ಅಲ್ಲಿಯ ಎರಡು ಟ್ಯಾಗ್‌ಗಳೂ ಈಗ ನನ್ನ ಕೋಣೆಯ ಡಬ್ಬಿಯಲ್ಲಿವೆ. ದಾವಣಗೆರೆಯ ಪೆಟ್ಟಿಗೆ ಯಾರ ಮನೆಯಲ್ಲಿದೆ ಎಂದು ಇನ್ನೂ ತಿಳಿದಿಲ್ಲ. ಅಲ್ಲಿಯ ಯಾರಾದರೂ ಇದನ್ನು ಓದಿದರೆ, ಕಟ್ಟಿದವನೇ ಹೇಳುತ್ತಿದ್ದಾನೆ ಎಂದು ತಿಳಿದು ಟ್ಯಾಗ್ ಬಿಚ್ಚಿಹಾಕಿ. ಪೆಟ್ಟಿಗೆಯ ಮುಂದೆ ಕುಳಿತವರನ್ನು ಎಬ್ಬಿಸಿ ಆಸ್ಪತ್ರೆಗೆ ಕಳಿಸಿ.

ಗೆಳೆಯನ ಹೆಂಡತಿ ಸಂತೆಯ ದಿನ ತರಕಾರಿ ಚೀಲ ಹಿಡಿದು ನಮ್ಮ ಮನೆಯ ಮುಂದೆಯೇ ಹೋಗುತ್ತಾರೆ. ಒಳಗೆ ಬರುವುದಿಲ್ಲ. ಬಾಗಿಲ ಎದುರು ಒಂದು ಗಳಿಗೆ ನಿಲ್ಲುತ್ತಾರೆ.

“ಎಲ್ಲಾ ಆಯ್ತಾ ಅಣ್ಣಾ?”

“ಇನ್ನೂ ಇದೆಯಮ್ಮ.”

ತಲೆಯಾಡಿಸಿ ಹೋಗುತ್ತಾರೆ. ಹೋದ ವಾರವೂ ಕೇಳಿದರು.